ಅವ್ವನ ಮೇಲೆ ಪ್ರಯೋಗ ಮಾಡಿದರೇ? ಅರಿವಳಿಕೆ ಅಧ್ಯಯನಕ್ಕೆ ಸಹಿ ಹಾಕಿದ ಮಗನಿಗೆ ಉತ್ತರ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ನಮ್ಮವ್ವನಿಗೆ 71 ವರ್ಷ, ತೂಕ 46 ಕೆ.ಜಿ., ಬಿ.ಪಿ. ಮಾತ್ರೆ ತಗೊಳ್ತಾಳೆ. ಬಚ್ಚಲಲ್ಲಿ ಜಾರಿ ಬಿದ್ದು ಚಪ್ಪೆ ಮುರಿಯಿತು. ದಾವಣಗೆರೆಯ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಆಯುಷ್ಮಾನ್ ಕಾರ್ಡಿನ ಮೇಲೆ ಆಪರೇಷನ್ ಆಯಿತು. ಅವತ್ತು ಬೆಳಿಗ್ಗೆ ಒಬ್ಬ ಪಿ.ಜಿ. ಡಾಕ್ಟರ್ ಬಂದು, ‘ಬೆನ್ನಿಗೆ ಸ್ಪೈನಲ್ ಇಂಜೆಕ್ಷನ್ ಕೊಡೋಕೆ ಕೂರಿಸಿದಾಗ ನೋವಾಗಬಾರದು ಅಂತ ಮೊದಲು ತೊಡೆಸಂದಿಗೆ ಒಂದು ಇಂಜೆಕ್ಷನ್ ಕೊಡ್ತೀವಿ. ಎರಡು ಥರ ಇದೆ. ಯಾವುದು ಅಂತ ಕವರ್ ಒಡೆದು ನೋಡ್ತೀವಿ. ಇದು ನನ್ನ ಥೀಸಿಸ್’ ಅಂದರು. ‘ಅರವತ್ತು ಜನಕ್ಕೆ ಕೊಟ್ಟಿದ್ದೀವಿ, ಒಬ್ಬರಿಗೂ ಏನೂ ಆಗಿಲ್ಲ’ ಅಂತಲೂ ಹೇಳಿದರು. ಕಾಗದ ಇಂಗ್ಲಿಷಿನಲ್ಲಿತ್ತು, ನಾನೇ ಸಹಿ ಹಾಕಿದೆ. ಆಪರೇಷನ್ ಆದಮೇಲೆ ಎರಡು ರಾತ್ರಿ ಅವ್ವ ಏನೇನೋ ಬಡಬಡಿಸಿದಳು. ಈಗ ಆರು ವಾರ ಆಗಿದೆ. ವಾಕರ್ ಹಿಡಿದು ನಡೀತಾಳೆ, ಆದರೆ ಬೆನ್ನುನೋವು ಹೋಗಿಲ್ಲ. ನಮ್ಮ ಭಾವ ‘ಅತ್ತೇನ ಇಲಿ ಮಾಡಿಬಿಟ್ಟೆ. ಚೀಟಿ ಎತ್ತಿ ಔಷಧಿ ಕೊಡೋರು ಡಾಕ್ಟರಾ? ಪೂರ್ತಿ ಮಂಪರು ಕೊಡಿಸಿದ್ರೆ ಬೆನ್ನು ಉಳೀತಿತ್ತು’ ಅಂತ ದಿನಾ ಬೈತಾರೆ. ಮೂರು ತಿಂಗಳಿಗೆ ಆ ಡಾಕ್ಟರ್ ಫೋನ್ ಮಾಡ್ತಾರಂತೆ. ಮಾತಾಡಬೇಕಾ, ಬೇಡವಾ? ನಾನು ತಪ್ಪು ಮಾಡಿದೆನಾ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಚೀಟಿ ಎತ್ತಿದ್ದು ಸರಿಯೇ ಎಂಬುದು ಒಂದು. ಬೆನ್ನುನೋವು, ಬಡಬಡಿಕೆ ಇವಕ್ಕೆ ಅರಿವಳಿಕೆ ಕಾರಣವೇ ಎಂಬುದು ಎರಡನೆಯದು. ಸಹಿ ಹಾಕಿಸಿಕೊಂಡ ರೀತಿ ಸರಿಯಿತ್ತೇ ಎಂಬುದು ಮೂರನೆಯದು. ಮೂರಕ್ಕೂ ಉತ್ತರ ಒಂದೇ ಅಲ್ಲ. ಚೀಟಿಯ ವಿಷಯದಲ್ಲಿ ನಿಮ್ಮ ಭಾವನವರ ಸಿಟ್ಟಿಗೆ ಆಧಾರವಿಲ್ಲ. ಬೆನ್ನುನೋವಿಗೆ ಬಹುಮಟ್ಟಿಗೆ ಬೇರೆ ಕಾರಣ ಹುಡುಕಬೇಕು, ಅದೂ ತಡಮಾಡದೆ. ಸಹಿಯ ವಿಷಯದಲ್ಲಿ ಮಾತ್ರ ನಿಮ್ಮ ಅಸಮಾಧಾನ ನ್ಯಾಯವಾದದ್ದು.

ಆ ಎರಡು ಇಂಜೆಕ್ಷನ್ ಯಾವುವು?

ಚಪ್ಪೆ ಮುರಿದವರನ್ನು ಸ್ಪೈನಲ್‌ಗಾಗಿ, ಅಂದರೆ ಸೊಂಟದಿಂದ ಕೆಳಗೆ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್‌ಗಾಗಿ, ಎಬ್ಬಿಸಿ ಕೂರಿಸುವುದು, ಇಲ್ಲವೇ ಪಕ್ಕಕ್ಕೆ ಹೊರಳಿಸುವುದು ರೋಗಿಗೆ ಅತ್ಯಂತ ನೋವಿನ ಗಳಿಗೆ. ನೋವಿಗೆ ದೇಹ ಸೆಟೆದುಕೊಂಡರೆ ಬೆನ್ನು ಬಾಗುವುದಿಲ್ಲ, ಸೂಜಿಗೆ ದಾರಿ ಸಿಗುವುದಿಲ್ಲ, ಎರಡು ಮೂರು ಸಲ ಚುಚ್ಚಬೇಕಾಗುತ್ತದೆ. ಅದಕ್ಕಾಗಿ ಮೊದಲೇ ತೊಡೆಸಂದಿಯ ನರಗಳನ್ನು ಮರಗಟ್ಟಿಸುತ್ತಾರೆ. ಇದನ್ನೇ ಬ್ಲಾಕ್ ಎನ್ನುವುದು.

ನಿಮ್ಮ ವಿವರಣೆಗೆ ಹೊಂದುವ ಎರಡು ಬಗೆಯ ಬ್ಲಾಕ್‌ಗಳಿವೆ. ಹಳೆಯದು ಫ್ಯಾಸಿಯಾ ಇಲಿಯಾಕಾ ಬ್ಲಾಕ್. 1989ರಿಂದ ಬಳಕೆಯಲ್ಲಿದೆ. ತೊಡೆಸಂದಿಯ ಸ್ನಾಯುವಿನ ಹೊದಿಕೆಯ ಕೆಳಗೆ 30ರಿಂದ 40 ಮಿ.ಲೀ. ತೆಳು ಔಷಧ ತುಂಬಿ, ಅದು ಹರಡಿ ನರಗಳನ್ನು ತಲುಪಲಿ ಎಂದು ಬಿಡುವುದು ಅದರ ರೀತಿ. ಹೊಸದು ಪೆಂಗ್ ಬ್ಲಾಕ್. ಅಲ್ಟ್ರಾಸೌಂಡ್‌ನಲ್ಲಿ ನೋಡಿಕೊಂಡು, ಸೋಯಾಸ್ ಸ್ನಾಯುರಜ್ಜು ಮತ್ತು ಅದರ ಹಿಂದಿನ ಮೂಳೆಯ ನಡುವೆ ಸುಮಾರು 20 ಮಿ.ಲೀ. ಔಷಧ ಕೊಡುತ್ತಾರೆ. ಚಪ್ಪೆ ಕೀಲಿನ ಮುಂಭಾಗಕ್ಕೆ ಹೋಗುವ ಸಣ್ಣ ಕವಲುಗಳನ್ನಷ್ಟೇ ಹಿಡಿಯುವುದು, ತೊಡೆಯ ಮುಂಭಾಗದ ಸ್ನಾಯುವಿನ ಬಲ ಉಳಿಸುವುದು ಇದರ ಉದ್ದೇಶ. ಇದನ್ನು 2018ರಲ್ಲಿ ಮೊದಲು ವರದಿ ಮಾಡಿದಾಗ ಇದ್ದದ್ದು ಐದೇ ಐದು ರೋಗಿಗಳ ಅನುಭವ. ನೋವು ಚೆನ್ನಾಗಿ ಇಳಿಯಿತು ಎಂದು ಐದು ಜನರಲ್ಲಿ ಕಂಡದ್ದು ಎಲ್ಲರಲ್ಲೂ ನಿಜವೇ, ಹಳೆಯದಕ್ಕಿಂತ ಮೇಲೇ ಎಂದು ಕೇಳುವುದು ವೈದ್ಯರ ಕರ್ತವ್ಯ. ನಿಮ್ಮ ತಾಯಿಯವರು ಸೇರಿದ ಅಧ್ಯಯನ ಕೇಳಿದ್ದೂ ಬಹುಶಃ ಇದನ್ನೇ.

ಒಂದು ಮಾತು ಗಮನಿಸಿ. ಎರಡೂ ಗುಂಪಿನವರಿಗೂ ನೋವಿಗೆ ಬ್ಲಾಕ್ ಸಿಗುತ್ತದೆ, ಯಾರನ್ನೂ ನೋವಿನಲ್ಲಿ ಬಿಡುವುದಿಲ್ಲ. ಚಪ್ಪೆ ಮುರಿತಕ್ಕೆ ನರದ ಬ್ಲಾಕ್ ಕೊಡುವುದರ ಬಗ್ಗೆ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2020ರ ವಿಮರ್ಶೆ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತ್ತು. ಅಲುಗಾಡಿಸಿದಾಗಿನ ನೋವು ಅರ್ಧ ಗಂಟೆಯೊಳಗೆ ಕಡಿಮೆಯಾಗುತ್ತದೆ, ಮನಸ್ಸಿನ ಗೊಂದಲವೂ ಕಡಿಮೆ ಎಂಬುದು ಅದರ ಸಾರ. ಎಷ್ಟೋ ಕಡೆ ಚಪ್ಪೆ ಮುರಿದವರಿಗೆ ಬ್ಲಾಕ್ ಕೊಡುವುದೇ ಇಲ್ಲ. ಬೇರೆ ಆಸ್ಪತ್ರೆಯಲ್ಲಾಗಿದ್ದರೆ ನಿಮ್ಮ ತಾಯಿಯವರನ್ನು ಹಾಗೇ ಕೂರಿಸುವ ಸಾಧ್ಯತೆಯೂ ಇತ್ತು.

ಬ್ಲಾಕ್‌ನ ಅಪಾಯ ಯಾವುದು? ನಿಜವಾಗಿ ಹೆದರಬೇಕಾದ್ದು ಔಷಧದ ಪ್ರಮಾಣಕ್ಕೆ. ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಕೆ.ಜಿ.ಗೆ 2 ಮಿ.ಗ್ರಾಂ. ಮೀರದಂತೆ ಕೊಡುವುದು ರೂಢಿ. 46 ಕೆ.ಜಿ.ಯವರಿಗೆ ಅದು 92 ಮಿ.ಗ್ರಾಂ. ಶೇಕಡಾ 0.25ರ ದ್ರಾವಣದಲ್ಲಿ ಮಿ.ಲೀ.ಗೆ 2.5 ಮಿ.ಗ್ರಾಂ. ಇರುತ್ತದೆ, ಅಂದರೆ 36 ಮಿ.ಲೀ.ಗೆ ಮಿತಿ ಮುಟ್ಟಿತು. ‘ಎಲ್ಲರಿಗೂ 40 ಮಿ.ಲೀ.’ ಎಂದು ಬರೆದ ಅಧ್ಯಯನ ನಮ್ಮ ಹಳ್ಳಿಯ ಸಣಕಲು ಮುದುಕಿಯರ ವಿಷಯದಲ್ಲಿ ಎಡವುವುದು ಇಲ್ಲೇ. ಒಂದೋ ಔಷಧವನ್ನು ಇನ್ನಷ್ಟು ತೆಳುಮಾಡಬೇಕು, ಇಲ್ಲವೇ ತೂಕಕ್ಕೆ ತಕ್ಕಂತೆ ಅಳೆಯಬೇಕು. ಔಷಧ ಹೆಚ್ಚಾಗಿ ರಕ್ತಕ್ಕೆ ಸೇರಿದರೆ ತುಟಿ ಜುಮ್ಮೆನ್ನುತ್ತದೆ, ಕಿವಿ ಗುಂಯ್‌ಗುಡುತ್ತದೆ, ಫಿಟ್ಸ್ ಬರಬಹುದು, ಹೃದಯದ ಬಡಿತ ತಪ್ಪಬಹುದು. ಅದಕ್ಕೆ ಪ್ರತಿಯಾಗಿ ಶೇಕಡಾ 20ರ ಲಿಪಿಡ್ ಎಮಲ್ಷನ್ ಎಂಬ ಕೊಬ್ಬಿನ ದ್ರಾವಣ ಕೈಗೆಟಕುವಂತೆ ಇರಬೇಕು. ಕೆ.ಜಿ.ಗೆ 1.5 ಮಿ.ಲೀ. ಲೆಕ್ಕದಲ್ಲಿ ಇವರಿಗೆ ಮೊದಲ ಡೋಸೇ 70 ಮಿ.ಲೀ. ಹತ್ತಿರ. ಇದೆಲ್ಲ ಇಂಜೆಕ್ಷನ್ ಕೊಟ್ಟ ನಿಮಿಷಗಳಲ್ಲಿ, ಹೆಚ್ಚೆಂದರೆ ಗಂಟೆಯೊಳಗೆ ಕಾಣುವ ತೊಂದರೆ. ಆರು ವಾರದ ನಂತರದ ಬೆನ್ನುನೋವಿಗೂ ಇದಕ್ಕೂ ಸಂಬಂಧವಿಲ್ಲ.

ಚೀಟಿ ಯಾಕೆ?

ಈ ಪದ್ಧತಿ ಬೇರೂರಿದ್ದೇ ಹೊಲದಲ್ಲಿ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ರೊನಾಲ್ಡ್ ಫಿಷರ್ ಇದನ್ನು ರೂಪಿಸಿದರು. ನಿಮ್ಮ ಕಡೆ ಮೆಕ್ಕೆಜೋಳ ಬೆಳೆಯುವವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹೊಸ ಬೀಜವನ್ನು ಕೆರೆ ಕೆಳಗಿನ ಎರೆಭೂಮಿಗೂ ಹಳೆಯದನ್ನು ಮಸಾರಿ ದಿಬ್ಬಕ್ಕೂ ಬಿತ್ತಿ, ಹೊಸ ಬೀಜ ಚೆನ್ನಾಗಿದೆ ಎಂದರೆ ಯಾರೂ ಒಪ್ಪುವುದಿಲ್ಲ. ಹೊಲವನ್ನು ಸಣ್ಣ ತಾಕುಗಳಾಗಿ ಮಾಡಿ, ಯಾವ ತಾಕಿಗೆ ಯಾವ ಬೀಜ ಎಂದು ಚೀಟಿ ಎತ್ತಿದರೆ ಮಣ್ಣಿನ ಗುಣ ಎರಡೂ ಕಡೆ ಸರಿಸುಮಾರು ಸಮನಾಗಿ ಹಂಚಿಹೋಗುತ್ತದೆ. 1948ರಲ್ಲಿ ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಔಷಧದ ಅಧ್ಯಯನ ಪ್ರಕಟವಾದಾಗ ಮುಚ್ಚಿದ ಲಕೋಟೆಗಳ ಮೂಲಕ ಇದೇ ಕ್ರಮ ಆಸ್ಪತ್ರೆಗೂ ಬಂದಿತ್ತು.

ಡಾಕ್ಟರೇ ಆರಿಸಿದರೆ ಏನಾಗುತ್ತದೆ? ಗಟ್ಟಿಮುಟ್ಟಾದ ರೋಗಿಗೆ ಹೊಸದನ್ನು, ಸೊರಗಿದವರಿಗೆ ಹಳೆಯದನ್ನು ಕೊಡುತ್ತಾ ಹೋಗುತ್ತಾರೆ. ಕೆಟ್ಟ ಉದ್ದೇಶದಿಂದಲ್ಲ, ಮನುಷ್ಯ ಸ್ವಭಾವವೇ ಅದು. ಕೊನೆಗೆ ಹೊಸದು ಗೆದ್ದಂತೆ ಕಂಡರೂ ಗೆದ್ದದ್ದು ರೋಗಿಯ ಗಟ್ಟಿತನ. ಆದ್ದರಿಂದ ಚೀಟಿ ಇದೆಯೇ ಎಂಬುದಕ್ಕಿಂತ ಚೀಟಿಯನ್ನು ಎಷ್ಟು ಬಿಗಿಯಾಗಿ ಕಾಪಾಡಿದ್ದಾರೆ ಎಂಬುದೇ ಮುಖ್ಯ. ಕಂಪ್ಯೂಟರಿನಿಂದ ತೆಗೆದ ಪಟ್ಟಿ ಅಧ್ಯಯನ ನಡೆಸುವವರ ಬಳಿ ಇರಬಾರದು. ಲಕೋಟೆ ಬೆಳಕಿಗೆ ಹಿಡಿದರೂ ಒಳಗಿನದು ಕಾಣದಷ್ಟು ದಪ್ಪ ಇರಬೇಕು, ಅಂಟಿಸಿರಬೇಕು, ಮೇಲೆ ಕ್ರಮಸಂಖ್ಯೆ ಇರಬೇಕು. ರೋಗಿಯ ಹೆಸರು ದಾಖಲಾದ ಮೇಲಷ್ಟೇ ಒಡೆಯಬೇಕು. ‘ಇವತ್ತು ಸೋಮವಾರ, ಹೊಸದು, ನಾಳೆ ಹಳೆಯದು’ ಎಂಬುದೋ, ಆಸ್ಪತ್ರೆಗೆ ದಾಖಲಾದ ಐ.ಪಿ. ನಂಬರಿನ ಸರಿ ಬೆಸ ನೋಡಿ ಹಂಚುವುದೋ ಚೀಟಿಯಲ್ಲ. ಮುಂದಿನದು ಯಾವುದೆಂದು ಮೊದಲೇ ಗೊತ್ತಾದರೆ, ಯಾರನ್ನು ಸೇರಿಸಿಕೊಳ್ಳಬೇಕು ಎಂಬ ಆಯ್ಕೆ ನುಸುಳುತ್ತದೆ. ಕವರ್ ಒಡೆದು ನೋಡುತ್ತೇವೆ ಎಂದದ್ದು ಒಳ್ಳೆಯ ಲಕ್ಷಣ.

ಇನ್ನೊಂದು ಕಡೆಯೂ ಇಂಥ ಅಧ್ಯಯನಗಳು ಹಾಳಾಗುತ್ತವೆ, ಅದು ನೋವನ್ನು ಅಳೆಯುವಾಗ. ಇಂಜೆಕ್ಷನ್ ಕೊಟ್ಟವರೇ ಬಂದು ‘ಈಗ ನೋವು ಕಡಿಮೆ ಅಲ್ವಾ ಅಜ್ಜಿ?’ ಎಂದರೆ ಅಜ್ಜಿ ‘ಹೂಂ ಕಣಪ್ಪ’ ಎನ್ನುತ್ತಾರೆ. ಯಾವ ಇಂಜೆಕ್ಷನ್ ಎಂದು ತಿಳಿಯದ ಮತ್ತೊಬ್ಬರು ಕೇಳಬೇಕು. ಸೊನ್ನೆಯಿಂದ ಹತ್ತರವರೆಗೆ ಅಂಕ ಹೇಳಿ ಎಂದರೆ ಶಾಲೆ ಕಾಣದ ಹಿರಿಯರು ತಬ್ಬಿಬ್ಬಾಗುತ್ತಾರೆ. ‘ಇಲ್ಲ, ಸ್ವಲ್ಪ, ಜೋರು, ತಡೆಯೋಕಾಗಲ್ಲ’ ಎಂದು ಕೇಳುವುದು ಅವರ ಮಟ್ಟಿಗೆ ಹೆಚ್ಚು ನಂಬಲರ್ಹ. ಬ್ಲಾಕ್ ಹಿಡಿಯಲು 15ರಿಂದ 30 ನಿಮಿಷ ಬೇಕು. ಒ.ಟಿ.ಯ ಅವಸರಕ್ಕೆ ಐದೇ ನಿಮಿಷದಲ್ಲಿ ಕೂರಿಸಿಬಿಟ್ಟರೆ ಎರಡೂ ಬ್ಲಾಕ್ ಸೋತಂತೆ ಕಾಣುತ್ತವೆ. ಪುಟಗಟ್ಟಲೆ ಲೆಕ್ಕಾಚಾರ ಬರೆದರೂ ಅದನ್ನು ಸರಿಪಡಿಸಲಾಗದು.

ಅರವತ್ತು ಜನಕ್ಕೆ ಏನೂ ಆಗಿಲ್ಲ

ಈ ಮಾತನ್ನು ಆ ಯುವ ವೈದ್ಯರು ಧೈರ್ಯ ತುಂಬಲೆಂದೇ ಹೇಳಿರುತ್ತಾರೆ. ಆದರೂ ಇದು ಹೇಳಬಾರದ ಮಾತು. ಅರವತ್ತರಲ್ಲಿ ಒಬ್ಬರಿಗೂ ತೊಂದರೆ ಆಗಿಲ್ಲವೆಂದರೆ ತೊಂದರೆಯ ಪ್ರಮಾಣ ಸೊನ್ನೆ ಎಂದು ಅರ್ಥವಲ್ಲ. ಇದಕ್ಕೊಂದು ಸರಳ ಲೆಕ್ಕವಿದೆ. ಮೂರನ್ನು ರೋಗಿಗಳ ಸಂಖ್ಯೆಯಿಂದ ಭಾಗಿಸಬೇಕು. 3 ಭಾಗಿಸು 60 ಅಂದರೆ 20ಕ್ಕೆ ಒಂದು. ಎಂದರೆ, ನಿಜವಾದ ಅಪಾಯ ನೂರಕ್ಕೆ ಐದರವರೆಗೆ ಇದ್ದರೂ ಅರವತ್ತು ಜನರಲ್ಲಿ ಅದು ಕಾಣದೇ ಹೋಗಬಹುದು. ಮುನ್ನೂರು ಜನರಲ್ಲಿ ಏನೂ ಆಗದಿದ್ದರೆ ಆ ಮೇಲ್ಮಿತಿ ನೂರಕ್ಕೆ ಒಂದಕ್ಕೆ ಇಳಿಯುತ್ತದೆ.

ಹಾಗಾದರೆ ಅರವತ್ತು ಎಂಬತ್ತು ಜನರ ಅಧ್ಯಯನಕ್ಕೆ ಬೆಲೆಯೇ ಇಲ್ಲವೇ? ಇದೆ, ಕೇಳುವ ಪ್ರಶ್ನೆ ಅಳತೆಗೆ ತಕ್ಕದ್ದಾಗಿದ್ದರೆ. ಹತ್ತು ಅಂಕದ ನೋವಿನ ಅಳತೆಯಲ್ಲಿ ಒಂದು ಅಂಕದ ವ್ಯತ್ಯಾಸ ಹಿಡಿಯಬೇಕು, ರೋಗಿಯಿಂದ ರೋಗಿಗೆ ಇರುವ ಏರಿಳಿತದ ಅಳತೆ ಒಂದೂವರೆ ಅಂಕ ಎಂದುಕೊಳ್ಳಿ. ನಿಜವಾದ ವ್ಯತ್ಯಾಸವಿದ್ದರೆ ನೂರರಲ್ಲಿ ಎಂಬತ್ತು ಬಾರಿ ಅದು ಸಿಗುವಂತೆ ಮಾಡಲು ಗುಂಪಿಗೆ 36 ಜನ ಸಾಕು. ಮಧ್ಯೆ ಬಿಟ್ಟುಹೋಗುವವರಿಗೆಂದು ಸೇರಿಸಿ 40 ಇಟ್ಟುಕೊಳ್ಳುತ್ತಾರೆ. ಆದರೆ ಒಂದು ತೊಂದರೆ ನೂರಕ್ಕೆ ಎರಡರಿಂದ ಒಂದಕ್ಕೆ ಇಳಿಯಿತೇ ಎಂದು ಇದೇ ಲೆಕ್ಕದಲ್ಲಿ ತಿಳಿಯಲು ಗುಂಪಿಗೆ 2,300ಕ್ಕೂ ಹೆಚ್ಚು ಜನ ಬೇಕು. ಒಂದು ಊರಿನ, ಮೂರು ವರ್ಷದ ಎಂ.ಡಿ. ಪ್ರಬಂಧಕ್ಕೆ ಅದು ನಿಲುಕುವ ಮಾತಲ್ಲ. ಆದ್ದರಿಂದ ಇಂಥ ಪ್ರಬಂಧ ‘ಕೂರಿಸುವಾಗ ಯಾವುದರಲ್ಲಿ ನೋವು ಕಡಿಮೆ’ ಎಂದು ಹೇಳಿದರೆ ಕಿವಿಗೊಡಬಹುದು, ‘ಎರಡೂ ಸುರಕ್ಷಿತ’ ಎಂದು ಮುಗಿಸಿದರೆ ಆ ಸಾಲನ್ನು ಬದಿಗಿಡಬೇಕು. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಈ ಎರಡನೇ ಸಾಲು ಬಹಳ ಸಲೀಸಾಗಿ ಬಂದುಬಿಡುತ್ತದೆ. ಅದನ್ನು ಹೊಡೆದುಹಾಕಿಸುವುದು ಮಾರ್ಗದರ್ಶಕರ ಹೊಣೆ.

ಏನನ್ನು ಅಳೆಯುತ್ತೇವೆ ಎಂಬುದಕ್ಕೆ ಎಷ್ಟು ತೂಕವಿದೆ ಎಂದು ತಿಳಿಯಲು 2008ರ ಪಾಯ್ಸ್ ಅಧ್ಯಯನ ನೋಡಬೇಕು. ಹೃದಯದ ಅಪಾಯವಿರುವವರಿಗೆ ಆಪರೇಷನ್ ಹೊತ್ತಿಗೆ ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್ ಮಾತ್ರೆ ಶುರುಮಾಡುವುದು ಅದಕ್ಕೂ ಮೊದಲು ಒಳ್ಳೆಯ ರೂಢಿ ಎನಿಸಿಕೊಂಡಿತ್ತು. ಸಣ್ಣ ಅಧ್ಯಯನಗಳು ಅದನ್ನು ಬೆಂಬಲಿಸಿದ್ದವು. 8,351 ರೋಗಿಗಳಲ್ಲಿ ಚೀಟಿ ಎತ್ತಿ ನೋಡಿದಾಗ ಹೃದಯಾಘಾತ ಕಡಿಮೆಯಾದದ್ದು ನಿಜವಾಯಿತು, ಆದರೆ ಸತ್ತವರು ಶೇಕಡಾ 2.3ರಿಂದ 3.1ಕ್ಕೆ ಏರಿದ್ದರು, ಪಾರ್ಶ್ವವಾಯು ದುಪ್ಪಟ್ಟಾಗಿತ್ತು. ಹೃದಯಾಘಾತವನ್ನಷ್ಟೇ ಎಣಿಸಿದ್ದರೆ ಈ ಸಾವುಗಳು ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಚೀಟಿ ಎತ್ತದೆ, ನಂಬಿಕೆಯ ಮೇಲೆ ಎಲ್ಲರಿಗೂ ಕೊಡುತ್ತಾ ಹೋದದ್ದೇ ಅಲ್ಲಿ ದೊಡ್ಡ ಪ್ರಯೋಗ, ಅದೂ ಯಾರ ಸಹಿಯೂ ಇಲ್ಲದೆ. ಇಲಿಯ ಮಾತು ಬಂದಾಗ ನಿಮ್ಮ ಭಾವನವರಿಗೆ ಇದನ್ನು ಹೇಳಿ.

ಸ್ಪೈನಲ್ ಬದಲು ಪೂರ್ತಿ ಮಂಪರು?

ವಯಸ್ಸಾದವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿದರೆ ಮೆದುಳು ಮಂಕಾಗುತ್ತದೆ, ಸ್ಪೈನಲ್ ಕೊಟ್ಟರೆ ಬೆನ್ನು ಹೋಗುತ್ತದೆ ಎಂಬ ಎರಡು ನಂಬಿಕೆಗಳು ಚಿತ್ರದುರ್ಗ, ದಾವಣಗೆರೆ ಸೀಮೆಯ ಪ್ರತಿ ಮನೆಯಲ್ಲೂ ಇವೆ. ಮೊದಲನೆಯದನ್ನು ವೈದ್ಯರೂ ಬಹುಕಾಲ ನಂಬಿದ್ದರು.

ಆಸ್ಪತ್ರೆಯ ಹಳೆಯ ಕಡತಗಳನ್ನು ತಿರುವಿ ಹಾಕಿದ ಅಧ್ಯಯನಗಳಲ್ಲಿ ಕೆಲವು ಸ್ಪೈನಲ್ ಮೇಲು ಎಂದವು, ಕೆಲವು ವ್ಯತ್ಯಾಸವಿಲ್ಲ ಎಂದವು. ಕಾರಣ ಮೇಲೆ ಹೇಳಿದ್ದೇ: ಯಾರಿಗೆ ಯಾವುದು ಎಂದು ವೈದ್ಯರೇ ಆರಿಸಿದ್ದರು. ಹೃದಯದ ಕವಾಟ ಕೆಟ್ಟವರಿಗೆ, ರಕ್ತ ತೆಳುವಾಗಿಸುವ ಔಷಧದಲ್ಲಿದ್ದವರಿಗೆ ಜನರಲ್, ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ, ಹೋಗುತ್ತಿತ್ತು. ಅವರಲ್ಲಿ ಸಾವು ಹೆಚ್ಚು ಕಂಡರೆ ತಪ್ಪು ಜನರಲ್‌ನದೋ ರೋಗದ್ದೋ ಎಂದು ಬಿಡಿಸಲಾಗದು.

2021ರಲ್ಲಿ ಅಮೆರಿಕ ಮತ್ತು ಕೆನಡಾದ 46 ಆಸ್ಪತ್ರೆಗಳ ರೀಗೇನ್ ಅಧ್ಯಯನ ಪ್ರಕಟವಾಯಿತು. ಚಪ್ಪೆ ಮುರಿದ, 50 ವರ್ಷ ದಾಟಿದ 1,600 ಜನರಿಗೆ ಸ್ಪೈನಲ್ ಅಥವಾ ಜನರಲ್ ಎಂದು ಚೀಟಿ ಎತ್ತಿದ್ದರು. 60 ದಿನದ ಹೊತ್ತಿಗೆ ಸತ್ತವರು ಅಥವಾ ತಾವಾಗಿ, ಇಲ್ಲವೇ ವಾಕರ್ ಹಿಡಿದು ಹತ್ತಡಿ ನಡೆಯಲಾಗದವರು ಸ್ಪೈನಲ್‌ನಲ್ಲಿ ಶೇಕಡಾ 18.5, ಜನರಲ್‌ನಲ್ಲಿ 18.0. ಬಡಬಡಿಸುವ ಗೊಂದಲ ಸ್ಥಿತಿ ಸ್ಪೈನಲ್‌ನಲ್ಲಿ 20.5, ಜನರಲ್‌ನಲ್ಲಿ 19.7. ಮರುವರ್ಷ ಚೀನಾದ ಒಂಬತ್ತು ಆಸ್ಪತ್ರೆಗಳಲ್ಲಿ 65 ದಾಟಿದ 950 ಜನರ ಮೇಲೆ ನಡೆದ ರಾಗಾ ಅಧ್ಯಯನದಲ್ಲೂ ಗೊಂದಲದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ, ಸ್ಪೈನಲ್‌ನಂಥ ಅರಿವಳಿಕೆಯಲ್ಲಿ ಶೇಕಡಾ 6.2, ಜನರಲ್‌ನಲ್ಲಿ 5.1. ಒಂದು ಎಚ್ಚರಿಕೆ: ರೀಗೇನ್‌ನಲ್ಲಿ ಸ್ಪೈನಲ್ ಚೀಟಿ ಬಂದವರಲ್ಲಿ ಸುಮಾರು ಶೇಕಡಾ 15 ಜನಕ್ಕೆ ಕೊನೆಗೆ ಜನರಲ್ಲೇ ಕೊಡಬೇಕಾಯಿತು. ಆದರೂ ಅವರನ್ನು ಸ್ಪೈನಲ್ ಗುಂಪಿನಲ್ಲೇ ಎಣಿಸಿದರು. ಹಾಗೆ ಎಣಿಸದೆ ಆಚೀಚೆ ಸರಿಸಿದ್ದರೆ ಚೀಟಿಯ ನ್ಯಾಯವೇ ಕೆಡುತ್ತಿತ್ತು. ಹಾಗೆ ಎಣಿಸಿದ್ದರಿಂದ ಎರಡರ ನಡುವಿನ ಸಣ್ಣ ವ್ಯತ್ಯಾಸ ಮಸುಕಾಗಿರಲೂಬಹುದು.

ನನ್ನ ತೀರ್ಮಾನ ಇಷ್ಟು. ಚಪ್ಪೆ ಮುರಿದವರಿಗೆ ಎರಡೂ ಸಲ್ಲುವ ಮಾರ್ಗ. ಶ್ವಾಸಕೋಶ ಕೆಟ್ಟಿದ್ದರೆ, ಹೊಟ್ಟೆ ಖಾಲಿಯಿಲ್ಲದಿದ್ದರೆ, ಉಸಿರಾಟದ ಯಂತ್ರದ ಅನುಕೂಲ ಕಡಿಮೆಯಿದ್ದರೆ ಸ್ಪೈನಲ್ ಕಡೆ ವಾಲುತ್ತೇನೆ. ಹೃದಯದ ಮುಖ್ಯ ಕವಾಟ ಕಿರಿದಾಗಿದ್ದರೆ, ರಕ್ತ ತೆಳುವಾಗಿಸುವ ಕ್ಲೊಪಿಡೊಗ್ರೆಲ್‌ನಂಥ ಮಾತ್ರೆ ನಿಲ್ಲಿಸಿ ಐದಾರು ದಿನ ಆಗಿಲ್ಲದಿದ್ದರೆ ಜನರಲ್ ಕಡೆ. ಬಿ.ಪಿ. ಇರುವ, 46 ಕೆ.ಜಿ.ಯ 71ರ ಹೆಂಗಸಿಗೆ ಸ್ಪೈನಲ್ ಆರಿಸಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅಲ್ಲಿ ನೋಡಬೇಕಾದ್ದು ಡೋಸ್. ಹೆವಿ ಬುಪಿವಕೇನ್, ಅಂದರೆ ಸ್ಪೈನಲ್‌ಗೆಂದು ಭಾರವಾಗಿಸಿದ ಅದೇ ಔಷಧ, 2 ಮಿ.ಲೀ. ಅಥವಾ ಅದಕ್ಕೂ ಕಡಿಮೆ ಸಾಕು. ಯುವಕರಿಗೆ ಕೊಡುವಂತೆ 3 ಮಿ.ಲೀ. ಕೊಟ್ಟರೆ ಬಿ.ಪಿ. ಕುಸಿಯುತ್ತದೆ. ಎಷ್ಟು ಕೊಟ್ಟರೆಂಬುದು ಅರಿವಳಿಕೆ ದಾಖಲೆಯಲ್ಲಿ ಇರುತ್ತದೆ.

ಎರಡು ರಾತ್ರಿಯ ಬಡಬಡಿಕೆ ಅಪರೂಪದ್ದಲ್ಲ ಎಂದು ಮೇಲಿನ ಅಂಕಿಗಳೇ ಹೇಳುತ್ತವೆ. ನೋವು, ನಿದ್ದೆಗೇಡು, ನೀರು ಕಡಿಮೆಯಾಗಿರುವುದು, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಮೂತ್ರದ ಸೋಂಕು, ಕನ್ನಡಕ ತೆಗೆದಿಟ್ಟು ಅಪರಿಚಿತ ವಾರ್ಡಿನಲ್ಲಿ ಮಲಗಿಸಿರುವುದು, ಇವೆಲ್ಲ ಸೇರಿ ಆಗುವಂಥದ್ದು. ಮಂಪರಿನ ಮಿಡಜೋಲಾಂ, ಅಲರ್ಜಿಯ ಫೆನಿರಮೈನ್, ನೋವಿನ ಟ್ರಮಡಾಲ್ ಇಂಜೆಕ್ಷನ್‌ಗಳು ಅದನ್ನು ಹೆಚ್ಚಿಸುತ್ತವೆ. ಈಗ ಮನೆಯಲ್ಲಿ ಹೆಸರು, ಮುಖ, ಹೊತ್ತು ಗೊತ್ತು ಎಲ್ಲ ಸರಿಯಾಗಿ ನೆನಪಿದ್ದರೆ ಚಿಂತೆ ಬೇಡ. ಮರೆವು ಮುಂದುವರಿದಿದ್ದರೆ ವೈದ್ಯರಿಗೆ ತೋರಿಸಬೇಕು.

ಬೆನ್ನುನೋವಿನ ನಿಜವಾದ ಕಾರಣ ಹುಡುಕಿ

ಸ್ಪೈನಲ್‌ಗೆ ಬಳಸುವ 25 ಗೇಜ್ ಸೂಜಿ ಅರ್ಧ ಮಿ.ಮೀ. ದಪ್ಪ. ಬೆನ್ನುಹುರಿ ಮೊದಲನೇ ಅಥವಾ ಎರಡನೇ ಸೊಂಟದ ಮಣಿಯ ಹತ್ತಿರ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ, ನೀರಿನಂಥ ದ್ರವದಲ್ಲಿ ನರದ ಎಳೆಗಳು ತೇಲುವ ಜಾಗಕ್ಕೆ. ಚುಚ್ಚಿದ ಕಡೆ ಕೆಲವು ದಿನ ನೋವಿರಬಹುದು. ಬರಬಹುದಾದ ಇನ್ನೊಂದು ತೊಂದರೆ, ಕೂತರೆ ನಿಂತರೆ ಹೆಚ್ಚಾಗಿ ಮಲಗಿದರೆ ಇಳಿಯುವ ತಲೆನೋವು. 2018ರಲ್ಲಿ 110 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಪೆನ್ಸಿಲ್ ಮೊನೆಯಂಥ ಸೂಜಿಯಲ್ಲಿ ಅದು ಶೇಕಡಾ 4.2, ಕತ್ತರಿಸುವ ಮೊನೆಯ ಸೂಜಿಯಲ್ಲಿ 11 ಇತ್ತು. ವಯಸ್ಸಾದವರಲ್ಲಿ ಇನ್ನೂ ಕಡಿಮೆ. ಸ್ಪೈನಲ್ ಮತ್ತು ಅದರಂತೆಯೇ ಬೆನ್ನಿಗೆ ಕೊಡುವ ಎಪಿಡ್ಯೂರಲ್‌ಗಳಿಂದ ಶಾಶ್ವತ ಹಾನಿ ಎಷ್ಟು ಎಂದು ಬ್ರಿಟನ್ನಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಇಂಜೆಕ್ಷನ್‌ಗಳನ್ನು ಲೆಕ್ಕಹಾಕಿ 2009ರಲ್ಲಿ ವರದಿ ಮಾಡಿದರು: ಲಕ್ಷಕ್ಕೆ ಎರಡರಿಂದ ನಾಲ್ಕು. ವರ್ಷಗಟ್ಟಲೆ ಕಾಡುವ ಬೆನ್ನುನೋವು ಸ್ಪೈನಲ್‌ನಿಂದ ಬರುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ.

ಹಾಗೆಂದು ನೋವನ್ನು ಕಡೆಗಣಿಸಬೇಡಿ. ಬಚ್ಚಲಲ್ಲಿ ಜಾರಿದಷ್ಟಕ್ಕೇ ಚಪ್ಪೆ ಮುರಿಯಬೇಕಾದರೆ ಮೂಳೆ ಸವೆದಿದೆ ಎಂದೇ ಅರ್ಥ. ಅದೇ ಬೀಳುವಿಕೆಯಲ್ಲಿ ಬೆನ್ನಿನ ಮಣಿಯೊಂದು ಕುಸಿದು, ಚಪ್ಪೆಯ ನೋವಿನ ಅಬ್ಬರದಲ್ಲಿ ಅದು ಗಮನಕ್ಕೇ ಬಾರದಿರುವುದು ಉಂಟು. ಬೆನ್ನಿನ ಎಕ್ಸ್‌ರೇ ಮಾಡಿಸಿ, ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಿಸಿ, ಮೂಳೆ ಸವೆತಕ್ಕೆ ಔಷಧ ಶುರುಮಾಡಿದ್ದಾರೆಯೇ ಎಂದು ಮೂಳೆ ಡಾಕ್ಟರನ್ನು ಕೇಳಿ. ಎಷ್ಟೋ ಮಂದಿಗೆ ಚಪ್ಪೆ ಆಪರೇಷನ್ ಆಗುತ್ತದೆ, ಮೂಳೆಗೆ ಔಷಧ ಶುರುವಾಗುವುದೇ ಇಲ್ಲ. ಮುಂದಿನ ಮುರಿತಕ್ಕೆ ದಾರಿ ಮಾಡಿಕೊಡುವ ಲೋಪ ಅದು. ವಾಕರ್ ಎತ್ತರ ತಪ್ಪಿದ್ದರೆ, ಆಪರೇಷನ್ ಆದ ಕಾಲು ಗಿಡ್ಡವಾಗಿದ್ದರೆ ಬೆನ್ನು ಒಂದು ಕಡೆಗೆ ವಾಲಿಯೂ ನೋಯುತ್ತದೆ.

ಕಾಲಲ್ಲಿ ಬಲ ಕುಂದುವುದು, ಮೂತ್ರ ಕಟ್ಟುವುದು, ಮಲಮೂತ್ರದ ಜಾಗ ಮರಗಟ್ಟುವುದು, ಜ್ವರದೊಂದಿಗೆ ಬೆನ್ನು ಸಿಡಿಯುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆನ್ನುಹುರಿಯ ಸುತ್ತ ರಕ್ತ ಅಥವಾ ಕೀವು ಕಟ್ಟಿದ್ದರೆ ಎಂ.ಆರ್.ಐ. ಬೇಕು, ತಡವಾದರೆ ಕಾಲು ಸ್ವಾಧೀನಕ್ಕೆ ಬರುವುದಿಲ್ಲ.

ಸಹಿ ಮತ್ತು ಮುಂದಿನ ದಾರಿ

ನಿಮ್ಮ ತಾಯಿ ಅವತ್ತು ಎಚ್ಚರವಿದ್ದರು, ಮಾತಾಡುತ್ತಿದ್ದರು ಎಂದುಕೊಳ್ಳುತ್ತೇನೆ. ಹಾಗಿದ್ದರೆ ಒಪ್ಪಿಗೆ ಕೊಡಬೇಕಾದವರು ಅವರು, ನೀವಲ್ಲ. ಅಕ್ಷರ ಬಾರದಿದ್ದರೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಕಾಗದ ಓದಿ ಹೇಳಿ, ಹೆಬ್ಬೆಟ್ಟು ಪಡೆದು, ಸಾಕ್ಷಿಯ ಸಹಿ ಹಾಕಿಸಬೇಕು. ಮಾಹಿತಿ ಪತ್ರ ಕನ್ನಡದಲ್ಲಿರಬೇಕು, ಒಂದು ಪ್ರತಿ ನಿಮ್ಮ ಕೈಗೆ ಬರಬೇಕು, ಆಪರೇಷನ್ನಿನ ಒಪ್ಪಿಗೆಗಿಂತ ಅದು ಬೇರೆಯೇ ಇರಬೇಕು, ಯೋಚಿಸಲು ಹೊತ್ತು ಕೊಡಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿ ಹೇಳುವುದೂ ಇದನ್ನೇ. ಬೇಡ ಎಂದಿದ್ದರೆ ಆಯುಷ್ಮಾನ್ ಕಾರ್ಡಿಗಾಗಲಿ ಚಿಕಿತ್ಸೆಗಾಗಲಿ ತೊಂದರೆ ಮಾಡುವಂತಿಲ್ಲ. ಅಧ್ಯಯನದಿಂದಲೇ ಹಾನಿಯಾದರೆ ಉಚಿತ ಚಿಕಿತ್ಸೆಯ ಹಕ್ಕಿದೆ, ಪರಿಹಾರದ ಹಕ್ಕೂ ಇದೆ. ನೀವು ಬರೆದದ್ದು ನಿಜವಿದ್ದಲ್ಲಿ ಚಿಕಿತ್ಸೆ ಸರಿಯಿದ್ದರೂ ಒಪ್ಪಿಗೆ ಪಡೆದ ಕ್ರಮ ಸರಿಯಿಲ್ಲ. ಅದು ಆ ವೈದ್ಯರ ಲೋಪ. ನೀವು ತಪ್ಪು ಮಾಡಿಲ್ಲ.

ಅಧ್ಯಯನ ದಾಖಲಾಗಿದೆಯೇ ಎಂದು ನೀವೇ ನೋಡಬಹುದು. ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ, ಅಂದರೆ ಸಿ.ಟಿ.ಆರ್.ಐ., 2007ರಲ್ಲಿ ಶುರುವಾಯಿತು. ಅದರ ಜಾಲತಾಣ ಎಲ್ಲರಿಗೂ ತೆರೆದಿದೆ, ಪಿ.ಜಿ. ಪ್ರಬಂಧಗಳೂ ಅಲ್ಲಿ ಸಿಗುತ್ತವೆ. 2018ರ ಏಪ್ರಿಲ್ 1ರಿಂದ, ಮೊದಲ ರೋಗಿಯನ್ನು ಸೇರಿಸುವ ಮುಂಚೆಯೇ ನೋಂದಾಯಿಸಬೇಕೆಂಬ ನಿಯಮ ಅಲ್ಲಿದೆ. ಇದು ಬರೀ ಕಾಗದದ ಕಟ್ಟುಪಾಡಲ್ಲ. ಏನನ್ನು ಅಳೆಯುತ್ತೇವೆ, ಎಷ್ಟು ಜನ ಎಂದು ಮೊದಲೇ ಬರೆದಿಟ್ಟರೆ, ಫಲಿತಾಂಶ ಬಂದಮೇಲೆ ತಮಗೆ ಬೇಕಾದ್ದನ್ನು ಆರಿಸಿ ತೋರಿಸಲಾಗದು. ಅರಿವಳಿಕೆ ಕ್ಷೇತ್ರಕ್ಕೆ ಈ ಬಿಗಿ ಬೇಕೇಬೇಕು. ವಾಂತಿ ತಡೆಯುವ ಔಷಧಗಳ ಮೇಲೆ ರಾಶಿ ಅಧ್ಯಯನ ಪ್ರಕಟಿಸಿದ ಜಪಾನಿನ ಯೋಶಿತಾಕ ಫುಜಿಯವರ 168 ಲೇಖನಗಳ ಅಂಕಿಗಳನ್ನು 2012ರಲ್ಲಿ ಬ್ರಿಟನ್ನಿನ ಜಾನ್ ಕಾರ್ಲೈಲ್ ಪರೀಕ್ಷಿಸಿ, ಅವು ಸಹಜವಾಗಿ ಬರಲು ಸಾಧ್ಯವೇ ಇಲ್ಲ ಎಂದು ತೋರಿಸಿದರು. 170ಕ್ಕೂ ಹೆಚ್ಚು ಲೇಖನಗಳು ವಾಪಸಾದವು. ಅಷ್ಟರೊಳಗೆ ಅವು ಎಷ್ಟೋ ವಿಮರ್ಶೆಗಳೊಳಗೆ ಸೇರಿಹೋಗಿದ್ದವು.

ಇನ್ನು ಫೋನ್ ವಿಷಯ. ಮಾತಾಡದೇ ಇರಲು, ಅಧ್ಯಯನದಿಂದ ಹೊರಬರಲು ನಿಮ್ಮ ತಾಯಿಯವರಿಗೆ ಪೂರ್ಣ ಹಕ್ಕಿದೆ, ಕಾರಣ ಹೇಳಬೇಕಿಲ್ಲ. ಹೊರಬಂದರೆ ಅಲ್ಲಿಯವರೆಗಿನ ಮಾಹಿತಿ ಉಳಿಸಿಕೊಳ್ಳುತ್ತಾರೋ ಅಳಿಸುತ್ತಾರೋ ಎಂದು ಕೇಳಿ. ಆದರೆ ನನ್ನ ಸಲಹೆ ಮಾತಾಡಿ ಎಂಬುದೇ. ತೊಂದರೆ ಇರುವವರೇ ಫೋನ್ ಎತ್ತದಿದ್ದರೆ ಚೆನ್ನಾಗಿರುವವರ ಮಾತಷ್ಟೇ ದಾಖಲಾಗಿ, ಅಧ್ಯಯನ ಸುಳ್ಳು ಸಮಾಧಾನ ಹೇಳುತ್ತದೆ. ಬೆನ್ನುನೋವು, ಎರಡು ರಾತ್ರಿಯ ಬಡಬಡಿಕೆ ಎರಡನ್ನೂ ಹೇಳಿ, ಬರೆದುಕೊಂಡರೇ ಎಂದು ಕೇಳಿ.

ಯಾವ ಇಂಜೆಕ್ಷನ್ ಕೊಟ್ಟರು ಎಂಬುದನ್ನೂ ಕೇಳಬಹುದು. ಚಿಕಿತ್ಸೆಗೆ ತುರ್ತಾಗಿ ಬೇಕಿದ್ದರೆ ಈಗಲೇ ಹೇಳಲೇಬೇಕು. ಇಲ್ಲದಿದ್ದರೆ ಅಧ್ಯಯನ ಮುಗಿದ ಮೇಲೆ ತಿಳಿಸುತ್ತೇವೆ ಎಂದಾರು. ಈಗಲೇ ತಿಳಿದರೆ ನೋವಿನ ಬಗ್ಗೆ ನೀವು ಕೊಡುವ ಉತ್ತರ ಆ ಕಡೆಗೆ ವಾಲುವುದರಿಂದ ಹಾಗೆ ಕಾಯಿಸುವುದು ತಪ್ಪಲ್ಲ.

ಒಪ್ಪಿಗೆಯ ಲೋಪದ ಬಗ್ಗೆ ಆ ಕಾಲೇಜಿನ ನೈತಿಕ ಸಮಿತಿಯ ಸದಸ್ಯ ಕಾರ್ಯದರ್ಶಿಗೆ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆಯಿರಿ. ಆ ಸಮಿತಿಯಲ್ಲಿ ವೈದ್ಯರಷ್ಟೇ ಅಲ್ಲ, ಕಾನೂನು ಬಲ್ಲವರು, ಸಾಮಾನ್ಯ ನಾಗರಿಕರೂ ಇರುತ್ತಾರೆ. ಆಪರೇಷನ್ ದಿನಾಂಕ, ಐ.ಪಿ. ನಂಬರ್, ಕಾಗದ ಯಾವ ಭಾಷೆಯಲ್ಲಿತ್ತು, ಯಾರು ಸಹಿ ಹಾಕಿದರು, ಪ್ರತಿ ಸಿಕ್ಕಿತೇ ಎಂಬುದನ್ನು ಬರೆಯಿರಿ. ನಿಮ್ಮ ಸಹಿಯಿರುವ ಒಪ್ಪಿಗೆ ಪತ್ರದ ಪ್ರತಿ, ಕನ್ನಡದ ಮಾಹಿತಿ ಪತ್ರ ಕೊಡಿ ಎಂದು ಕೇಳಿ. ಇದರಿಂದ ಆ ವಿದ್ಯಾರ್ಥಿಯ ಓದು ಹಾಳಾದೀತೆಂಬ ಅಳುಕು ಬೇಡ. ಸಾಮಾನ್ಯವಾಗಿ ಸಮಿತಿ ಕ್ರಮ ತಿದ್ದಿಸಿ ಉಳಿದ ರೋಗಿಗಳಿಗೆ ಸರಿಯಾಗಿ ವಿವರಿಸುವಂತೆ ಮಾಡುತ್ತದೆ. ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಎಕ್ಸ್‌ರೇ ಮಾತ್ರ ಅದಕ್ಕೆಲ್ಲ ಕಾಯದೆ ಈ ವಾರವೇ ಆಗಲಿ, ಹೋಗುವಾಗ ಡಿಸ್ಚಾರ್ಜ್ ಸಮ್ಮರಿ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿ ಎರಡನ್ನೂ ಜೊತೆಗಿಟ್ಟುಕೊಳ್ಳಿ.